ಬಿರುಕುಗಿಡವನ್ನು ತಟ್ಟೆಗೆ ಏರಿಸಿದ ಬಗ್ಗೆ ಅರಿಕೆ

ಏಳುಗವಿ, ಆನೆಗೊಂದಿ ಬೆಟ್ಟಸಾಲು
ಫೆಬ್ರವರಿ ೩೦, ೨೩೧೧

ಇಪ್ಪತ್ತೊಂದನೆಯ ಶತಮಾನದಲ್ಲಿ ಗಿಡದಂಗಡಿಯ ಮುಂದೆ ನಿಂತು, ಮೊದಲ ಬೊನ್ಸಾಯ್‌ಗೆ ಯಾವ ಸಸಿಯನ್ನು ಆರಿಸಿಕೊಳ್ಳಲಿ ಎಂದು ಯೋಚಿಸುತ್ತಿರುವ ಮಾನ್ಯರ ಸನ್ನಿಧಿಗೆ,

ಏಳುಗವಿಯ ಪೂರ್ವಮುಖದ ನಿವಾಸಿ, ವಯಸ್ಸು ಎಂಬತ್ಮೂರು, ಈ ತಿಂಗಳ ಆರಂಭದವರೆಗೆ ಈ ಊರಿನ ಪುಟಪಾಲಕನಾಗಿ, ಅಂದರೆ ಹಳೆಯ ಕಾಲದ ಪುಟಗಳನ್ನು ಕಾಯುವವನಾಗಿ ಇದ್ದ ಗಾಳೆಪ್ಪ ತಂದೆ ಯಮನೂರಪ್ಪ ಎಂಬ ನಾನು ತಮ್ಮಲ್ಲಿ ಸವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮೇಲ್ಕಂಡ ದಿನಾಂಕವನ್ನು ನೋಡಿ ತಾವು ಕಾಗದವನ್ನು ಬದಿಗಿಡಬಾರದು. ಬೇಸಿಗೆ ಸ್ವಲ್ಪವಾದರೂ ಗಿಡ್ಡವಾಗಲಿ ಎಂದು ನಮ್ಮ ಹಿಂದಿನ ಸಭೆಯವರು ಮೇ ತಿಂಗಳಿನಿಂದ ಎರಡು ದಿನಗಳನ್ನು ತೆಗೆದು ಫೆಬ್ರವರಿಗೆ ಸೇರಿಸಿದರು. ಬೇಸಿಗೆ ಗಿಡ್ಡವಾಗಲಿಲ್ಲ; ಫೆಬ್ರವರಿ ಮಾತ್ರ ಉದ್ದವಾಯಿತು. ನನ್ನ ಭಾಷೆಯೂ ತಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಮ್ಮ ಬಾಯಿಮಾತು ಮುನ್ನೂರು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲವೆಂದು ತಿಳಿದವರು ಹೇಳುತ್ತಾರೆ, ಆದರೆ ಬರವಣಿಗೆ ಪೂರ್ತಿ ಬೇರೆಯಾಗಿದೆ. ತಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ತಮ್ಮ ಯಾವುದೋ ಕಚೇರಿಯಿಂದ ಉಳಿದು ಬಂದ ಅರ್ಜಿಗಳ ಒಂದು ಕಟ್ಟಿನಿಂದ. ಒಂಬತ್ತು ವರ್ಷ ಅವುಗಳನ್ನು ನಕಲು ಮಾಡಿದೆ. ಕೊಳವೆಬಾವಿ ಬೇಕು, ರಸ್ತೆ ಬೇಕು, ಬೇರೆ ಊರಿಗೆ ವರ್ಗಾವಣೆ ಬೇಕು, ತೀರಿಕೊಂಡ ಗಂಡನ ಹೆಸರು ಪಡಿತರ ಚೀಟಿಯಿಂದ ತೆಗೆಯಬೇಕು ಎಂದು ತಮ್ಮವರು ಬರೆದುಕೊಂಡಿದ್ದಾರೆ. ಆದ್ದರಿಂದ ತಮ್ಮೊಡನೆ ಮಾತನಾಡುವ ರೀತಿ ಇದೊಂದೇ ನನಗೆ ಗೊತ್ತು. ಈ ಊರಿನಲ್ಲಿ ಈ ಶೈಲಿಯನ್ನು ತಪ್ಪಿಲ್ಲದೆ ಬರೆಯಬಲ್ಲವನು ನಾನೊಬ್ಬನೇ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.

ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಎಂಬತ್ತು ದಾಟಿದ ಪ್ರತಿಯೊಬ್ಬರಿಗೂ ಒಂದನ್ನು ಬರೆಯುವ ಹಕ್ಕಿದೆ. ಅದು ಹೇಗೆ ಹೋಗುತ್ತದೆಂದು ಕಳಿಸುವವರು ನನಗೆ ಎರಡು ಸಲ ವಿವರಿಸಿದರು, ಎರಡು ಸಲವೂ ತಿಳಿಯಲಿಲ್ಲ. ನನ್ನ ಪಾಲಿನ ಹಿಂದೋಲೆಯಲ್ಲಿ ನನ್ನ ನಲವತ್ತು ವರ್ಷಗಳ ಸೇವೆಯನ್ನು ನಿರೂಪಿಸಬೇಕೆಂದು ಮೂರು ಕರಡು ಮಾಡಿಟ್ಟಿದ್ದೆ. ಅವುಗಳನ್ನು ಈಗ ಹರಿದು ಹಾಕಿ ಬೇರೆಯದನ್ನು ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಮೊಮ್ಮಗಳು ಹಂಪವ್ವನ ಬೆಳಕಿನ ಪ್ರಶ್ನೆ ನಾಳೆ ಬೆಳಿಗ್ಗೆ ತೀರ್ಮಾನವಾಗಲಿದೆ.

ಬೆಳಕಿನ ಪ್ರಶ್ನೆ ಎಂದರೇನೆಂದು ಹೇಳಬೇಕು. ನಾವು ಬೆಟ್ಟದ ಒಳಗೆ ವಾಸಿಸುತ್ತೇವೆ. ಹೊರಗಿನ ಬಿಸಿಲಿನಲ್ಲಿ ವರ್ಷದ ಏಳು ತಿಂಗಳು ಯಾರೂ ನಿಲ್ಲಲಾರರು. ತಾವು ನೋಡಿರಬಹುದಾದ ಆ ದುಂಡುಗಲ್ಲಿನ ಗುಡ್ಡಗಳನ್ನೇ ನಮ್ಮ ಹಿರಿಯರು ಒಳಗಿನಿಂದ ಕೊರೆದು ಕೇರಿಗಳನ್ನೂ ಕೋಣೆಗಳನ್ನೂ ಮಾಡಿದರು. ಗುಡ್ಡದ ಹೊರಮೈಗೆ ತಾಗಿದ ಕೋಣೆಗಳಿಗೆ ಒಂದೊಂದು ಬೆಳಕಿಂಡಿ ಉಂಟು, ಮೊಳದಗಲದ ತೂತು. ಅದರ ಮೂಲಕ ದಿನಕ್ಕೆ ಎರಡು ಗಂಟೆ ನಿಜವಾದ ಸೂರ್ಯನ ಬೆಳಕು ಬೀಳುತ್ತದೆ. ಒಳಕೇರಿಯ ಕೋಣೆಗಳಿಗೆ ಅದಿಲ್ಲ. ಅಲ್ಲಿ ಹಗಲಿರುಳೂ ಹಳದಿ ದೀಪ. ಬೆಳಕಿಂಡಿಯ ಕೆಳಗೆ ಪ್ರತಿಯೊಂದು ಮನೆಯವರೂ ಒಂದು ತಟ್ಟೆಮರವನ್ನು ಬೆಳೆಸತಕ್ಕದ್ದು. ತಾವು ಬೊನ್ಸಾಯ್ ಎನ್ನುವುದನ್ನೇ ನಾವು ತಟ್ಟೆಮರ ಎನ್ನುತ್ತೇವೆ. ಹೊರಗೆ ಜಾಲಿಯ ಹೊರತು ಬೇರೇನೂ ಉಳಿದಿಲ್ಲವಾದ್ದರಿಂದ ಹುಣಸೆಯಾಗಲಿ ನೆಲ್ಲಿಯಾಗಲಿ ದಾಳಿಂಬೆಯಾಗಲಿ ಇಂದು ಬದುಕಿರುವುದು ಈ ತಟ್ಟೆಗಳಲ್ಲಿಯೇ. ನಮ್ಮ ಮನೆಯ ಹುಣಸೆ ನನ್ನ ಮುತ್ತಜ್ಜಿ ಇಟ್ಟದ್ದು. ಎತ್ತರ ಒಂದೂವರೆ ಗೇಣು, ಕಳೆದ ವರ್ಷ ಮೂರು ಕಾಯಿ ಬಿಟ್ಟಿತು. ಅದರ ಹುಳಿಯಲ್ಲಿ ನಾಲ್ಕು ಮನೆಗಳವರು ಸಾರು ಮಾಡಿ ಹಂಚಿಕೊಂಡರು.

ಹೊಸದಾಗಿ ಬೆಳಕಿಂಡಿಯ ಕೋಣೆ ಬೇಕೆನ್ನುವವರು ಮೊದಲು ಸಸಿಮನೆಯಿಂದ ಒಂದು ಸಸಿಯನ್ನು ಆರಿಸಿ, ತಟ್ಟೆಗೆ ಏರಿಸಿ, ಮೂರು ಬೇಸಿಗೆ ಉಳಿಸಿ ತೋರಿಸಬೇಕು. ಹಸಿರುಸಾಕ್ಷಿ ಎಂಬ ಹುದ್ದೆಯವನು ಬಂದು ನೋಡಿ, ತನ್ನ ಹಾಳೆಯಲ್ಲಿ 'ಹಸಿರು' ಅಥವಾ 'ಒಣ' ಎಂಬ ಎರಡು ಚೌಕಮನೆಗಳ ಪೈಕಿ ಒಂದರಲ್ಲಿ ಗುರುತು ಹಾಕುತ್ತಾನೆ. ಸಸಿ ಸತ್ತರೆ ಇನ್ನೊಂದು ಅವಕಾಶ. ಅದೂ ಸತ್ತರೆ ಆ ವ್ಯಕ್ತಿಯನ್ನು ಒಣಗೈ ಎಂದು ಬರೆದು ಆಯುಷ್ಯವಿಡೀ ಒಳಕೇರಿಯಲ್ಲಿ ಇರಿಸುತ್ತಾರೆ. ಹಂಪವ್ವ ಕಸೂತಿ ಹಾಕುವವಳು. ಹಳದಿ ದೀಪದಲ್ಲಿ ಕೆಂಪು ನೂಲೂ ಕಂದು ನೂಲೂ ಒಂದೇ ಆಗಿ ಕಾಣುವುದರಿಂದ ಅವಳು ದಿನಾ ನನ್ನ ಕೋಣೆಗೆ ಬಂದು ಹುಣಸೆಯ ಪಕ್ಕ ಕುಳಿತು ಆ ಎರಡು ಗಂಟೆಗಳಲ್ಲಿ ಬಣ್ಣ ಆರಿಸಿಕೊಂಡು ಹೋಗುತ್ತಾಳೆ. ನನ್ನ ಕಾಲದ ನಂತರ ಈ ಕೋಣೆ ನನ್ನ ಹಿರಿಯ ಮಗನ ಪಾಲಿಗೆ ಹೋಗುತ್ತದೆ. ಆಮೇಲೆ ಅವಳಿಗೆ ಕೂರಲು ಜಾಗವಿಲ್ಲ.

ಇನ್ನು ನನ್ನ ತಪ್ಪಿನ ವಿಷಯ.

ತಮ್ಮ ಕಾಲದಿಂದ ನಮಗೆ ಉಳಿದು ಬಂದ ಪುಟಗಳಲ್ಲಿ ತಟ್ಟೆಮರದ ಬಗ್ಗೆ ಇರುವುದು ಹನ್ನೊಂದು. ಅವು ಒಂದರೊಡನೊಂದು ಹೊಂದುವುದಿಲ್ಲ. ಒಂದು ಪುಟ ಇದನ್ನು ಮನೆಯೊಳಗಿನ ಅಲಂಕಾರ ಎನ್ನುತ್ತದೆ. ಇನ್ನೊಂದು, ಮನೆಯೊಳಗೆ ಇಟ್ಟವನ ಗಿಡ ಬದುಕಲಾರದು ಎನ್ನುತ್ತದೆ. ಒಂದು ದಿನಕ್ಕೆರಡು ಸಲ ನೀರು ಹಾಕು ಎನ್ನುತ್ತದೆ. ಇನ್ನೊಂದು, ಹೊಸಬರ ಗಿಡಗಳು ಸಾಯುವುದು ಹೆಚ್ಚು ನೀರಿನಿಂದಲೇ ಎನ್ನುತ್ತದೆ. ಒಂದರಲ್ಲಿ ಬೀಜದಿಂದ ಬೆಳೆಸುವುದೇ ಶ್ರೇಷ್ಠ ಎಂದಿದೆ. ಮತ್ತೊಂದರಲ್ಲಿ, ಹೊಸಬರು ಬೀಜದ ಗೊಡವೆಗೆ ಹೋಗದೆ ಬುಡ ದಪ್ಪಗಾದ ಬೆಳೆದ ಸಸಿಯನ್ನೇ ಆರಿಸತಕ್ಕದ್ದು ಎಂದಿದೆ. ಇವುಗಳಲ್ಲೆಲ್ಲ ನನ್ನನ್ನು ಕಂಗೆಡಿಸುವುದು 'ಹವ್ಯಾಸ' ಎಂಬ ಪದ. ತಮಗೆ ಕಾಲ ಕೆಳಗೆ ನೆಲವಿತ್ತು. ತಲೆಯ ಮೇಲೆ ಬಯಲಿತ್ತು. ಒಂದು ಮರ ತನಗೆ ಬೇಕಾದಷ್ಟು ಎತ್ತರ ಹೋಗಬಹುದಿತ್ತು. ಹೀಗಿರುವಾಗ ಅದರ ಬೇರನ್ನು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ತಟ್ಟೆಯಲ್ಲಿ ಕೂರಿಸಿದ್ದು ಏತಕ್ಕೆ? ಮುಂದೆ ಬರುವುದನ್ನು ಅರಿತ ಪೂರ್ವಜರು ನಮಗಾಗಿ ಈ ವಿದ್ಯೆಯನ್ನು ಅಭ್ಯಾಸ ಮಾಡಿದರು ಎಂದು ಶಾಲೆಯಲ್ಲಿ ಕಲಿಸುತ್ತೇವೆ. ನಾನೂ ಹಾಗೆಂದೇ ನಲವತ್ತು ವರ್ಷ ಹೇಳಿದೆ. ಆದರೆ ಹನ್ನೊಂದು ಪುಟಗಳಲ್ಲಿ ಎಲ್ಲಿಯೂ ಅಂಥ ಮಾತಿಲ್ಲ. ಮನಸ್ಸಿಗೆ ನೆಮ್ಮದಿ ಎಂದು ಮಾತ್ರ ಎರಡು ಕಡೆ ಇದೆ.

ಸದರಿ ಪುಟಗಳಲ್ಲಿ ಐದನೆಯದು ಬಹು ಮುಖ್ಯವಾದದ್ದು. ಅದು ಒಂದೇ ಹಾಳೆ, ಅದರ ಹಿಂದಿನ ಹಾಳೆ ಕಳೆದುಹೋಗಿದೆ. ಒಂದು ಬದಿಯಲ್ಲಿ ಬರಹ ನಡುವಿನಿಂದ ಆರಂಭವಾಗುತ್ತದೆ: 'ಇದು ಹೊಸಬರ ತಪ್ಪನ್ನು ಕ್ಷಮಿಸುವ ಮರ. ಒಂದು ದಿನ ನೀರು ಮರೆತರೆ ಮುನಿಯದು. ಬೇರು ಕತ್ತರಿಸಿದರೆ ಮತ್ತೆ ಬಿಡುವುದು. ಎಲೆ ಚಿಕ್ಕದಿರುವ, ಬುಡ ದಪ್ಪವಿರುವ, ನಿಮ್ಮ ಊರಿನ ಹವೆಯಲ್ಲಿ ತಾನಾಗಿ ಬೆಳೆಯುವ ಸಸಿಯನ್ನೇ ಆರಿಸಿ.' ಆ ಮರದ ಹೆಸರು ಕಳೆದುಹೋದ ಹಾಳೆಯಲ್ಲಿ ಉಳಿಯಿತು. ಈ ಹಾಳೆಯ ಇನ್ನೊಂದು ಬದಿಯಲ್ಲಿ ಒಂದು ಚಿತ್ರವಿದೆ: ಕಲ್ಲಿನ ಮೇಲೆ ಬಾಗಿ ನಿಂತ ಪೈನ್ ಮರ, ನಾವು ಸೂಜಿಮರ ಎನ್ನುವುದು. ಅದಕ್ಕಿಂತ ಚೆಲುವಾದದ್ದನ್ನು ಈ ಊರಿನವರು ನೋಡಿಲ್ಲ. ಪುಟಪಾಲಕನಾದ ಮೊದಲ ವರ್ಷವೇ ನಾನು, ಬರಹದಲ್ಲಿರುವ ಮರವೂ ಚಿತ್ರದಲ್ಲಿರುವ ಮರವೂ ಒಂದೇ ಎಂದು ಸಭೆಯಲ್ಲಿ ಓದಿ ಹೇಳಿದೆ. ಸಭೆ ಒಪ್ಪಿತು. ಉತ್ತರದ ತಣ್ಣನೆಯ ಬೆಟ್ಟಗಳವರ ಬೀಜದ ಕಣಜದಿಂದ ಸೂಜಿಮರದ ಬೀಜ ತರಿಸಲಾಯಿತು. ಅಂದಿನಿಂದ ಒಳ್ಳೆಯ ಮನೆತನದ ಮಕ್ಕಳೆಲ್ಲ ಸೂಜಿಮರವನ್ನೇ ಕೇಳತೊಡಗಿದರು. ಹುಣಸೆ, ದಾಳಿಂಬೆಗಳನ್ನು ಆರಿಸುವವರು ಧೈರ್ಯವಿಲ್ಲದವರು ಎನಿಸಿಕೊಂಡರು.

ಸೂಜಿಮರಗಳು ಒಂದೊಂದಾಗಿ ಸತ್ತವು. ಸಸಿ ಸತ್ತಾಗ ನಾವು ಸಸಿಯ ಹೆಸರು ಬರೆಯುವುದಿಲ್ಲ, ಬೆಳೆಸಿದವರ ಹೆಸರನ್ನು ಬರೆಯುತ್ತೇವೆ. ತಪ್ಪು ಕೈಯದು ಎಂಬುದು ಇಲ್ಲಿಯ ನಂಬಿಕೆ. ಆದ್ದರಿಂದ ಸೂಜಿಮರ ಈ ಹವೆಗೆ ಆಗಿಬರುವುದಿಲ್ಲ ಎಂದು ನಲವತ್ತು ವರ್ಷಗಳಲ್ಲಿ ಯಾರಿಗೂ ತಿಳಿಯಲಿಲ್ಲ. ಒಣಗೈಗಳ ಪಟ್ಟಿ ಉದ್ದವಾಗುತ್ತ ಹೋಯಿತು, ಅಷ್ಟೆ.

ಹಂಪವ್ವನಿಗೂ ನಾನು ಸೂಜಿಮರವನ್ನೇ ಕೊಡಿಸಿದೆ. ಅವಳು ದಾಳಿಂಬೆ ಸಾಕೆಂದಿದ್ದಳು. ಪುಟಪಾಲಕನ ಮೊಮ್ಮಗಳು ದಾಳಿಂಬೆ ಇಟ್ಟರೆ ಜನ ಏನೆಂದಾರು ಎಂದು ನಾನು ಗದರಿದೆ. ಮೊದಲ ಬೇಸಿಗೆ ಮುಗಿದಾಗ ಹಸಿರುಸಾಕ್ಷಿಗೆ ಜ್ವರವಿದ್ದ ಪ್ರಯುಕ್ತ ಸಭೆಯವರು ನನ್ನನ್ನೇ ಸಾಕ್ಷಿಯಾಗಿ ನೇಮಿಸಿದರು. ಸಸಿ ಕಡುಹಸಿರಾಗಿತ್ತು. ಹತ್ತು ಜನರ ಎದುರಿನಲ್ಲಿ 'ಹಸಿರು' ಎಂಬ ಮನೆಯಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಆಗ ಹಂಪವ್ವ ಮುಂದೆ ಬಂದು, ಯಾರೂ ಮಾಡಬಾರದ ಕೆಲಸವನ್ನು ಮಾಡಿದಳು. ತಟ್ಟೆಮರದ ತೊಗಟೆಗೆ ಉಗುರು ತಾಗಿಸುವುದು ನಮ್ಮಲ್ಲಿ ಮಗುವಿನ ಮೇಲೆ ಕೈ ಎತ್ತಿದಂತೆ. ಅವಳು ಹೆಬ್ಬೆರಳಿನ ಉಗುರಿನಿಂದ ಕಾಂಡದ ತೊಗಟೆಯನ್ನು ಕೆರೆದು ನನಗೆ ತೋರಿಸಿದಳು.

"ಯಜ್ಜಾ, ಒಳಗ ನೋಡು. ಕಂದಾಗೈತಿ. ಇದು ಸತ್ತು ಎರಡು ತಿಂಗಳಾದ್ರೂ ಆಗಿರಬೇಕು. ನಾನು ಹೇಳಿದ್ರ ನೀನು ಕೇಳಲಿಲ್ಲ."

ಸೂಜಿಮರ ಸತ್ತ ಮೇಲೂ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ ಎಂಬುದನ್ನು ತಾವು ಬಲ್ಲಿರೋ ಇಲ್ಲವೋ ನಾನರಿಯೆ. ನಾವು ಬಲ್ಲವರಾಗಿರಲಿಲ್ಲ. ಮಾತನಾಡಿದವಳು ಸಸಿಮನೆಯ ಖಾಜಾಬನಿ ಒಬ್ಬಳೇ. ಅವಳು ಸಸಿಯ ಲೆಕ್ಕ ಒಪ್ಪಿಸಲು ಬಂದು ಬಾಗಿಲ ಹೊರಗೆ ನಿಂತಿದ್ದಳು.

"ಮೂವತ್ತೇಳು ವರ್ಷದ ಹಿಂದ ನನ್ನ ಗಿಡಾನೂ ಹಿಂಗ ಹಸರ ಇತ್ತು ರೀ ಹಿರೇರ. ಆಮ್ಯಾಲ ಒಮ್ಮಿಗೇ ಉದುರಿತು. ಆವಾಗ ಯಾರೂ ಉಗುರು ಹಾಕಿ ನೋಡಲಿಲ್ಲ."

ಖಾಜಾಬನಿಯನ್ನು ತಮಗೆ ಪರಿಚಯಿಸಬೇಕು. ಹದಿನೆಂಟನೆಯ ವಯಸ್ಸಿನಲ್ಲಿ ಎರಡು ಸೂಜಿಮರಗಳನ್ನು ಕಳೆದುಕೊಂಡು ಒಣಗೈ ಎನಿಸಿಕೊಂಡವಳು. ಅವಳನ್ನು ಒಳಕೇರಿಗೆ ಕಳಿಸಿದರು. ಸಸಿಮನೆ ಇರುವುದು ಒಳಕೇರಿಯಲ್ಲಿಯೇ, ದೀಪಗಳ ಕೆಳಗೆ. ಅಲ್ಲಿ ಕೆಲಸ ಮಾಡಲು ಬೆಳಕಿಂಡಿಯವರು ಯಾರೂ ಒಪ್ಪುವುದಿಲ್ಲವಾದ್ದರಿಂದ ಒಣಗೈಯಾದ ಅವಳಿಗೇ ಊರಿನ ಸಕಲ ಸಸಿಗಳನ್ನು ಒಪ್ಪಿಸಿದರು. ಮೂವತ್ತೇಳು ವರ್ಷಗಳಿಂದ ಅವಳು ಸಾವಿರಾರು ಸಸಿಗಳನ್ನು ಬದುಕಿಸಿ ಬೆಳಕಿನವರ ಕೈಗೆ ಕೊಟ್ಟಿದ್ದಾಳೆ. ಇದರಲ್ಲಿ ವಿರೋಧಾಭಾಸವಿದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಆ ದಿನ ನನಗೆ ಹೊಳೆಯಿತು. ಹೊಳೆದದ್ದನ್ನು ಏನು ಮಾಡಬೇಕೆಂದು ತಿಳಿಯದೆ ಮನೆಗೆ ಹೋಗಿ ಮಲಗಿದೆ.

ಎರಡನೆಯ ಸಸಿಯ ಆಯ್ಕೆಗೆ ಹಂಪವ್ವ ನನ್ನನ್ನು ಕೇಳಲಿಲ್ಲ. ಸಸಿಮನೆಗೆ ಹೋಗಿ ಖಾಜಾಬನಿಯೊಡನೆ ನಾಲ್ಕು ದಿನ ಕುಳಿತಳು. ಮೊದಲು ಬುಡ ನೋಡು, ಬಳಿಕ ಬೇರು, ಕೊನೆಗೆ ಎಲೆ. ಚೆಂದವನ್ನು ನೋಡಲೇಬೇಡ, ಅದನ್ನು ನೀನು ಆಮೇಲೆ ಮಾಡಬಹುದು ಎಂದು ಖಾಜಾಬನಿ ಅವಳಿಗೆ ಹೇಳಿಕೊಟ್ಟಳಂತೆ. ಅರಳಿಯ ಎಲೆ ಅಗಲ, ಎಷ್ಟು ಕತ್ತರಿಸಿದರೂ ತಟ್ಟೆಗೆ ಒಗ್ಗದಂತೆ ಕಾಣುತ್ತದೆ. ಮಾವು ಹೂ ಬಿಡುವ ಹೊತ್ತಿಗೆ ಮೊಮ್ಮಕ್ಕಳಾಗಿರುತ್ತಾರೆ. ನೆಲ್ಲಿ ಆದೀತು, ಆದರೆ ಬೇರು ಮುಟ್ಟಿದರೆ ಮುನಿಯುತ್ತದೆ. ದಾಳಿಂಬೆಯ ಸಸಿಗಳು ಆ ವರ್ಷ ಹುಳ ಬಿದ್ದು ಸೊರಗಿದ್ದವು. ಐದನೆಯ ದಿನ ಇಬ್ಬರೂ ನನ್ನ ಕೋಣೆಗೆ ಬಂದರು. ಹಂಪವ್ವನ ಸೆರಗಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗಿಡವಿತ್ತು. ನೀರುಗಾಲುವೆಯ ಗೋಡೆಯ ಸಂದಿನಿಂದ ಕಿತ್ತು ತಂದ ಬಿರುಕುಗಿಡ.

ಬಿರುಕುಗಿಡ ಎಂದರೆ ತಮಗೆ ಗೊತ್ತಿರಲೇಬೇಕು, ತಮ್ಮ ಗೋಡೆಗಳಲ್ಲಿಯೂ ಇದ್ದಿರಬೇಕು. ಕೈಗೆಟುಕದ ಎತ್ತರದ ಸಂದುಗಳಲ್ಲಿ ಬಲಿತ ಇದರದೇ ಹಣ್ಣನ್ನು ಬಾವಲಿಗಳು ತಿಂದು ಉದುರಿಸಿದ ಬೀಜ ಬಂಡೆಯ ಸಂದಿನಲ್ಲಿ ಮೊಳೆಯುತ್ತದೆ. ಮಣ್ಣಿಲ್ಲ, ಬೆಳಕಿಲ್ಲ, ಒಂದಿಷ್ಟು ತೇವ ಅಷ್ಟೆ. ಬೇರು ಬಲಿತರೆ ಕಲ್ಲನ್ನು ಸೀಳುತ್ತದೆ. ಗುಡ್ಡದೊಳಗೆ ವಾಸಿಸುವವರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಪ್ರತಿ ಅಮಾವಾಸ್ಯೆಗೆ ಎಲ್ಲ ಮನೆಯವರೂ ಕಬ್ಬಿಣದ ಕಡ್ಡಿ ಹಿಡಿದು ಸಂದುಗಳನ್ನು ಕೆರೆಯುವುದು ಇಲ್ಲಿಯ ಕಟ್ಟಳೆ. ನನ್ನ ತಂದೆಯ ಅಣ್ಣ ಸತ್ತದ್ದು ಇಂಥದೊಂದು ಗಿಡ ಸಡಿಲಿಸಿದ ಕಲ್ಲು ಬಿದ್ದು. ಅಂಥದ್ದನ್ನು ಮನೆಯೊಳಗೆ ತಂದು, ಬೆಳಕಿಂಡಿಯ ಕೆಳಗೆ ಕೂರಿಸಿ ನೀರು ಹಾಕುವುದೆಂದರೆ ಕನ್ನ ಹಾಕಿದವನಿಗೇ ಕಾವಲು ಕೊಟ್ಟಂತೆ ಎಂದು ನಾನು ಕೂಗಾಡಿದೆ. ಖಾಜಾಬನಿ ನನ್ನ ಕೂಗಾಟ ಮುಗಿಯುವವರೆಗೆ ಕಾದು, ಗಿಡವನ್ನು ಬಿಚ್ಚಿ ನನ್ನ ಮುಂದಿಟ್ಟಳು.

ಎಲೆ ಹೆಬ್ಬೆರಳಿನಷ್ಟು. ಎತ್ತರ ಚೋಟುದ್ದವಿದ್ದರೂ ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ. ಸಂದಿನೊಳಗೆ ಇಕ್ಕಟ್ಟಿನಲ್ಲಿ ಬೆಳೆದ ಬೇರುಗಳು ಕೋಳಿಯ ಪಾದದಂತೆ ಚಪ್ಪಟೆಯಾಗಿ ಹರಡಿದ್ದವು. ಕಿತ್ತಲ್ಲಿ ಹಾಲು ಸೋರುತ್ತಿತ್ತು. ಇದು ಆಲವೋ, ಗೋಣಿಯೋ, ಬಸರಿಯೋ ನನಗೆ ಈಗಲೂ ತಿಳಿಯದು. ಆ ಮೂರು ಹೆಸರುಗಳೂ ಪುಟಗಳಲ್ಲಿವೆ, ಯಾವುದು ಯಾವುದೆಂದು ಹೇಳುವ ಚಿತ್ರವಿಲ್ಲ.

"ಬಂಡಿಗಲ್ಲು ಸೀಳಿ ಬದುಕಿದ್ದು ತಟ್ಟಿಯೊಳಗ ಬದುಕಂಗಿಲ್ಲೇನ್ರಿ? ಎಷ್ಟು ಕಿತ್ತೀವಿ ನಾವು ಇದನ್ನ, ತಿಂಗಳಾ ಕಿತ್ತೀವಿ. ಸತ್ತೈತೇನು?" ಎಂದು ಅವಳು ಕೇಳಿದಳು.

ಅವರು ಹೋದ ಮೇಲೆ ಐದನೆಯ ಪುಟವನ್ನು ತೆಗೆದು, ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಚಿತ್ರವಿರುವ ಬದಿಯನ್ನು ಕೆಳಗೆ ಮಾಡಿ ಇಟ್ಟುಕೊಂಡು ಬರಹವನ್ನು ಮಾತ್ರ ಓದಿದೆ. 'ನಿಮ್ಮ ಊರಿನ ಹವೆಯಲ್ಲಿ ತಾನಾಗಿ ಬೆಳೆಯುವ ಸಸಿ.' ಈ ಊರಿನಲ್ಲಿ ತಾನಾಗಿ ಬೆಳೆಯುವುದು ಒಂದೇ ಒಂದು. ಅದನ್ನು ನಾವು ಕಬ್ಬಿಣದ ಕಡ್ಡಿಯಿಂದ ಕೆರೆದು ಬಿಸಾಡುತ್ತೇವೆ. ಇದು ನಿಜವಾದ ಅರ್ಥವೋ, ಮೊಮ್ಮಗಳ ಮೇಲಿನ ಮಮತೆಯಿಂದ ನನಗೆ ಕಂಡ ಅರ್ಥವೋ ಎಂದು ಬಹಳ ಹೊತ್ತು ಯೋಚಿಸಿದೆ. ಮೊದಲನೆಯ ಸಲ ಚಿತ್ರದ ಚೆಲುವಿನಿಂದ ಮೋಸಹೋದವನು ಎರಡನೆಯ ಸಲ ಬೇರೊಂದರಿಂದ ಮೋಸಹೋಗಬಾರದೆಂದೇನಿಲ್ಲ. ಎಂಬತ್ಮೂರರಲ್ಲಿ ತನ್ನ ಓದಿನ ಮೇಲೆ ತನಗೇ ಅನುಮಾನ ಹುಟ್ಟುವುದು, ಮಾನ್ಯರೇ, ಕತ್ತಲೆಯಲ್ಲಿ ಗೊತ್ತಿರುವ ಮೆಟ್ಟಿಲು ಕಾಲಿಗೆ ಸಿಗದಂತೆ.

ಬಿರುಕುಗಿಡವನ್ನು ತಟ್ಟೆಗೆ ಏರಿಸಲು ಸಭೆಯ ಅನುಮತಿ ಬೇಕಿತ್ತು. ಅರ್ಜಿಯನ್ನು ನಾನೇ ಬರೆದೆ. ಸಭೆಯ ಹಿರಿಯಳಾದ ದುರುಗಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬುದ್ಧಿವಂತೆ, ನನ್ನ ಮೇಲೆ ಗೌರವವುಳ್ಳವಳು. ಐದನೆಯ ಪುಟದಲ್ಲಿರುವುದು ಈ ಗಿಡದ ವರ್ಣನೆಯೇ ಎಂದು ನಾನು ವಾದಿಸಿದಾಗ ಅವಳು ನನಗೊಂದು ದಾರಿ ತೋರಿಸಿದಳು. ಬರಹ ಎರಡು ಮರಗಳಿಗೂ ಅನ್ವಯಿಸುತ್ತದೆ, ಅಂದು ಹೇಳಿದ್ದೂ ಸರಿ ಇಂದು ಹೇಳುವುದೂ ಸರಿ ಎಂದು ಬರೆದುಕೊಡಿ, ಅನುಮತಿ ಕೊಟ್ಟುಬಿಡುತ್ತೇವೆ ಎಂದಳು. ಹಾಗೆ ಬರೆದಿದ್ದರೆ ಹಂಪವ್ವನಿಗೆ ತಟ್ಟೆಯೂ ಸಿಗುತ್ತಿತ್ತು, ನನಗೆ ಹುದ್ದೆಯೂ ಉಳಿಯುತ್ತಿತ್ತು. ಅಂಥ ವಾಕ್ಯವನ್ನು ನನಗಿಂತ ಚೆನ್ನಾಗಿ ಬರೆಯುವವರಿಲ್ಲ. ಲೇಖನಿಯನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಆದರೆ ಎರಡೂ ಸರಿಯೆಂದಾದರೆ ಸತ್ತ ಸೂಜಿಮರಗಳೆಲ್ಲ ಮತ್ತೆ ಕೈಗಳ ತಪ್ಪಾಗಿಯೇ ಉಳಿಯುತ್ತವೆ. ಪಟ್ಟಿಯಲ್ಲಿ ಅರವತ್ತೆರಡು ಹೆಸರುಗಳಿವೆ. ಹದಿನಾಲ್ಕು ಜನ ಈಗಾಗಲೇ ದೀಪದ ಕೆಳಗೇ ತೀರಿಕೊಂಡಿದ್ದಾರೆ. ಹಿಂದಿನ ಸಾಲಿನಲ್ಲಿ ಖಾಜಾಬನಿ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ನನ್ನತ್ತ ನೋಡದೆ ಕುಳಿತಿದ್ದಳು.

"ನಾ ಚಿತ್ರ ನೋಡಿ ಹೇಳಿದ್ನಿ, ದುರುಗವ್ವ. ಓದಿ ಹೇಳಿದ್ದಲ್ಲ. ಅವರ ಕೈಯಾಗ ಏನೂ ತಪ್ಪಿರಲಿಲ್ಲ."

ಅರ್ಜಿಯ ಭಾಷೆಯಲ್ಲಿ ಹೇಳಬೇಕೆಂದುಕೊಂಡದ್ದು ಬಾಯಿಮಾತಿನಲ್ಲಿಯೇ ಬಂದುಬಿಟ್ಟಿತು. ಸಭೆಯವರು ಮೂರು ನಿರ್ಣಯ ಮಾಡಿದರು. ಹಂಪವ್ವ ಬಿರುಕುಗಿಡವನ್ನು ತಟ್ಟೆಗೆ ಏರಿಸಬಹುದು, ಆದರೆ ಏರಿಸಿದ ಇಪ್ಪತ್ತನೆಯ ದಿನ ಹಸಿರುಸಾಕ್ಷಿ ಬಂದು ನೋಡುವಾಗ ಅದು ಬೇರೂರಿರಬೇಕು, ಇಲ್ಲವಾದರೆ ಅದನ್ನು ಎರಡನೆಯ ಸಾವೆಂದೇ ಎಣಿಸಲಾಗುವುದು. ಪುಟಗಳ ಕೋಣೆಯ ಬೀಗದಕೈಯನ್ನು ನಾನು ಒಪ್ಪಿಸತಕ್ಕದ್ದು. ಅರವತ್ತೆರಡು ಹೆಸರುಗಳ ವಿಷಯ ಪರಿಶೀಲನೆಯಲ್ಲಿರುತ್ತದೆ. ತಮ್ಮ ಕಾಲದ ಅರ್ಜಿಗಳ ಮೇಲೂ ಈ ಕೊನೆಯ ಮಾತನ್ನು ಕೆಂಪು ಶಾಯಿಯಲ್ಲಿ ಬರೆದದ್ದನ್ನು ನಾನು ಕಂಡಿದ್ದೇನೆ. ಅದರ ಅರ್ಥವೇನೆಂದು ಈಗ ತಿಳಿಯಿತು.

ಹೊರಗೆ ಬಂದಾಗ ಖಾಜಾಬನಿಯನ್ನು ನಿಲ್ಲಿಸಿ, ಪರಿಶೀಲನೆ ಬೇಗ ಮುಗಿಯುವಂತೆ ದಿನಕ್ಕೊಂದು ಅರ್ಜಿ ಬರೆಯುತ್ತೇನೆ, ನಿನಗೆ ಬೆಳಕಿನ ಕೋಣೆ ಕೊಡಿಸುತ್ತೇನೆ ಎಂದೆ. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಮೂವತ್ತೇಳು ವರ್ಷ ಆತ್ರಿ ಹಿರೇರ. ಈಗ ಬೆಳಕಿಗೆ ಹೋದ್ರ ಕಣ್ಣು ನೋಯ್ತಾವ. ನೀವು ಬರೀರಿ, ಉಳಿದವರಿಗೆ ಬರೀರಿ. ನನ್ನ ಸಸಿಗೆ ನೀರಿನ ಹೊತ್ತಾತು."

ಈಗ ತಟ್ಟೆಯ ವಿಷಯ. ಬೇರುಗಳನ್ನು ಮೂರರಲ್ಲೊಂದು ಪಾಲು ಕತ್ತರಿಸಿ, ಇಟ್ಟಿಗೆ ಚೂರು, ಮರಳು, ಕಾಲುವೆಯ ಮಣ್ಣು ಬೆರೆಸಿ, ಗಿಡವನ್ನು ಅಗಲವಾದ ತಟ್ಟೆಯಲ್ಲಿ ಕೂರಿಸಿ ನೂಲಿನಿಂದ ಕಟ್ಟಿ, ನನ್ನ ಬೆಳಕಿಂಡಿಯ ಕೆಳಗೆ ಇಟ್ಟರು. ಹಂಪವ್ವ ಕಸೂತಿಯ ಕೆಂಪು ನೂಲನ್ನೇ ಹಾಕಿದಳು. ಅಲುಗಾಡದಿದ್ದರೆ ಬೇರು ಬೇಗ ಹಿಡಿಯುತ್ತದಂತೆ. ಮೊದಲ ಮೂರು ದಿನ ಗಿಡ ಹೇಗಿತ್ತೋ ಹಾಗೆಯೇ ಇತ್ತು. ನಾಲ್ಕನೆಯ ದಿನ ಒಂದು ಎಲೆ ಹಳದಿಯಾಗಿ ಉದುರಿತು. ಐದನೆಯ ದಿನ ಆರು. ಒಂಬತ್ತನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಇಂದು ಹತ್ತೊಂಬತ್ತನೆಯ ದಿನ. ತಟ್ಟೆಯಲ್ಲಿ ಇರುವುದು ಬೋಳು ಕಡ್ಡಿ. ಅದರ ಬುಡ ಗಟ್ಟಿಯಾಗಿದೆ, ತೊಗಟೆ ಸುಕ್ಕಾಗಿಲ್ಲ. ಖಾಜಾಬನಿ ದಿನಾ ಬಂದು ಮುಟ್ಟಿ ನೋಡಿ, ಇದು ಸತ್ತಿಲ್ಲ, ಜಾಗ ಬದಲಾದದ್ದಕ್ಕೆ ಮುನಿಸು ತೋರಿಸುತ್ತಿದೆ ಎನ್ನುತ್ತಾಳೆ. ಅವಳ ಮಾತನ್ನು ನಾನು ನಂಬುತ್ತೇನೆ. ಆದರೆ ನಾನು ನಂಬಿದ್ದನ್ನು ನಂಬಬೇಕೋ ಬಿಡಬೇಕೋ ಎಂಬುದೇ ನನಗೀಗ ತಿಳಿಯದಾಗಿದೆ. ಹಸಿರಾಗಿದ್ದದ್ದು ಹೆಣವಾಗಿತ್ತು. ಬೋಳಾಗಿರುವುದು ಬದುಕಿದೆ ಎನ್ನುತ್ತಾರೆ. ಹಾಗಾದರೆ ನಾವು ಮುನ್ನೂರು ವರ್ಷ ಕಣ್ಣಿನಿಂದ ನೋಡಿದ್ದೇನು?

ನಾಳೆ ಬರುವ ಹಸಿರುಸಾಕ್ಷಿ ಸಜ್ಜನ, ಅವನ ಮೇಲೆ ದೂರಿಲ್ಲ. ಅವನ ಹಾಳೆಯಲ್ಲಿ ಇರುವುದು ಎರಡೇ ಮನೆಗಳು. ಎಲೆಯಿಲ್ಲದ ಗಿಡಕ್ಕೆ 'ಹಸಿರು' ಎಂದು ಬರೆಯಲು ಅವನಿಂದಾಗದು. 'ಒಣ' ಎಂದು ಬರೆದರೆ ಹಂಪವ್ವನಿಗೆ ಇನ್ನು ಕೆಂಪು ಯಾವುದು ಕಂದು ಯಾವುದು ಎಂದು ಯಾರಾದರೂ ಹೇಳಬೇಕು. ಆದ್ದರಿಂದ ಇಂದು ಬೆಳಿಗ್ಗೆ ನಾನು ಸಭೆಗೆ ಒಂದು ಅರ್ಜಿ ಬರೆದು ಮುಗಿಸಿದ್ದೇನೆ. ನನ್ನ ಜೀವನದಲ್ಲಿ ಬರೆದವುಗಳಲ್ಲಿ ಅತ್ಯಂತ ಚಿಕ್ಕದು ಅದು. ಸದರಿ ಹಾಳೆಯಲ್ಲಿ ಮೂರನೆಯ ಮನೆಯೊಂದನ್ನು ಗೀರಬೇಕು, ಅದಕ್ಕೆ 'ಕಾಯುತ್ತಿದೆ' ಎಂದು ಹೆಸರಿಡಬೇಕು ಎಂಬುದಷ್ಟೇ ಕೋರಿಕೆ. ಹಂಪವ್ವ ಅದನ್ನು ಓದಿ, ಕೆಳಗೆ ತನ್ನ ಹೆಸರು ಬರೆದಳು. ಖಾಜಾಬನಿ ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಓದು ಬರುವುದಿಲ್ಲ, ಒಳಕೇರಿಯ ಮಕ್ಕಳಿಗೂ ಒಣಗೈಗಳಿಗೂ ನಾವು ಕಲಿಸುವುದಿಲ್ಲ. ಇದನ್ನೂ ನಾನು ಇಂದೇ ಗಮನಿಸಿದೆ.

ಅರ್ಜಿ ನೋಡಿದೊಡನೆ ದುರುಗಮ್ಮ ಕೇಳುವ ಪ್ರಶ್ನೆ ಒಂದೇ ಎಂದು ನನಗೆ ಗೊತ್ತು: ಎಷ್ಟು ದಿನ? ಕಾಯುವುದಕ್ಕೂ ಒಂದು ಅವಧಿ ಬೇಡವೇ? ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಖಾಜಾಬನಿಯಲ್ಲಿಯೂ ಇಲ್ಲ, ಏಕೆಂದರೆ ಈ ಗಿಡವನ್ನು ನಾವು ಯಾರೂ ಎಂದೂ ಕಾದಿಲ್ಲ. ಕಾದವರು ತಾವು.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆ ಇಷ್ಟು. ತಾವು ಇಂದು ಗಿಡದಂಗಡಿಯಲ್ಲಿ ಯಾವ ಸಸಿಯನ್ನಾದರೂ ಆರಿಸಿಕೊಳ್ಳಿ. ಚಿತ್ರದಲ್ಲಿ ಕಂಡದ್ದನ್ನು ಬಿಟ್ಟು ತಮ್ಮ ಊರಿನ ಗೋಡೆಯಲ್ಲಿ ತಾನಾಗಿ ಬೆಳೆದದ್ದನ್ನು ಆರಿಸಿದರೆ ಒಳ್ಳೆಯದು ಎಂದು ಅನ್ನಿಸುತ್ತದೆ, ಆದರೆ ನನ್ನ ಸಲಹೆಯ ಬೆಲೆ ತಮಗೀಗ ತಿಳಿದೇ ಇದೆ. ಅದನ್ನು ತಟ್ಟೆಗೆ ಏರಿಸಿದ ದಿನವನ್ನು ಬರೆದಿಡಿ. ಎಲೆ ಉದುರಿದ ದಿನವನ್ನು ಬರೆದಿಡಿ. ಮತ್ತೆ ಚಿಗುರಿದ ದಿನವನ್ನು ಬರೆದಿಡಿ. ಚಿಗುರದೆ ಸತ್ತರೆ ಅದನ್ನೂ ಬರೆಯಿರಿ, ನಾಚಿಕೆಪಡಬೇಡಿ. ಗಿಡದ ಹೆಸರನ್ನೂ ಊರಿನ ಹವೆಯನ್ನೂ ಬರೆಯಿರಿ, ತಮ್ಮ ಕೈಯ ಹೆಸರನ್ನು ಬರೆಯಬೇಕಾಗಿಲ್ಲ. ನಮ್ಮ ಪುಟಗಳ ಕೋಣೆಯಲ್ಲಿ ಇನ್ನೂ ಬಿಚ್ಚದ ನಲವತ್ತು ಕಟ್ಟುಗಳಿವೆ. ಮುಟ್ಟಿದರೆ ಪುಡಿಯಾಗುವಷ್ಟು ಹಳೆಯವಾದ್ದರಿಂದ ವರ್ಷಕ್ಕೆ ಒಂದನ್ನೇ ಬಿಚ್ಚುವ ಕಟ್ಟಳೆ. ತಾವು ಬರೆದಿಟ್ಟರೆ ಅದು ಈ ಹೊತ್ತಿಗಾಗಲೇ ಅಲ್ಲಿ ಇರಬೇಕು; ಬರೆಯದಿದ್ದರೆ ಈ ಹೊತ್ತಿಗಾಗಲೇ ಇರಬಾರದು. ಇದನ್ನು ಹೆಚ್ಚು ಯೋಚಿಸಿದರೆ ತಲೆ ಸುತ್ತುತ್ತದೆ. ಬೀಗದಕೈ ನನ್ನ ಬಳಿ ಇಲ್ಲ. ಈ ವರ್ಷದ ಕಟ್ಟನ್ನು ನಾಳೆ ಬೆಳಿಗ್ಗೆಯೇ ಬಿಚ್ಚಬೇಕೆಂದು ಹೊಸ ಪುಟಪಾಲಕನನ್ನು ಬೇಡಿಕೊಂಡಿದ್ದೇನೆ. ನನಗೆ ಬೇಡುವುದು ಬರುತ್ತದೆ, ತಮ್ಮಿಂದಲೇ ಕಲಿತದ್ದು.

ಹಿಂದೋಲೆ ಒಯ್ಯುವವರು ಬಂದು ನಿಂತಿದ್ದಾರೆ. ಹಂಪವ್ವ ತಟ್ಟೆಯನ್ನು ಬೆಳಕಿಂಡಿಯ ಕೆಳಗೆ ಒಂದಿಷ್ಟು ತಿರುಗಿಸಿ, ಮಣ್ಣಿಗೆ ಬೆರಳಿಟ್ಟು ನೋಡಿ, ಇಂದು ನೀರು ಬೇಡವೆಂದು ಹೇಳಿ ಹೋದಳು. ಎಷ್ಟು ದಿನ ಕಾಯಬೇಕೆಂಬುದನ್ನು ದಯಮಾಡಿ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ, ಒಂದೇ ಹಾಳೆಯ ಒಂದೇ ಬದಿಯಲ್ಲಿ ಬರೆಯಬೇಕಾಗಿ ವಿನಂತಿ.

ತಮ್ಮ ಉತ್ತರವನ್ನು ಕಾಯುತ್ತಿರುವ,
ಗಾಳೆಪ್ಪ ತಂದೆ ಯಮನೂರಪ್ಪ